ಹೆಂಚಿನ ಮೇಲಿದ್ದ 1865



ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಸುಣ್ಣ ಬಳಿಯೋಕೆ ಹೋಗಿದ್ವಿ. ಒಬ್ಬ ಶ್ರೀರಂಗಪಟ್ಟಣದವನು, ಒಬ್ಬಳು ಕೆ.ಆರ್. ಪೇಟೆಯವಳು, ಒಬ್ಬ ನಾಗಮಂಗಲದವನು. ಇನ್ನೊಬ್ಬ ಅದೇ ಶಾಲೆಯಲ್ಲಿ ಅಕ್ಷರ ಕಲಿತವನು. ಈಗ ಅಲ್ಲಿರೋದು ಒಂಬತ್ತೇ ಮಕ್ಕಳು. "ಮುಂದಿನ ವರ್ಷ ಇರುತ್ತೋ ಇಲ್ಲವೋ ಕಣ್ರಪ್ಪ" ಅಂದ್ರು ಮೇಷ್ಟ್ರು.

ಸೂರಿನಿಂದ ಜಾರಿದ್ದ ಒಂದು ಹೆಂಚನ್ನು ತಿರುಗಿಸಿ ನೋಡಿದರೆ ಇಂಗ್ಲಿಷ್ ಅಕ್ಷರಗಳಲ್ಲಿ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865' ಅಂತ ಅಚ್ಚಾಗಿತ್ತು. "ಶಾಲೆ ಅಷ್ಟು ಹಳೇದಾ?" ಅಂತ ಬೆರಗಾದ್ವಿ. ಹುಡುಕಿ ಓದಿದ ಮೇಲೆ ತಿಳಿಯಿತು: ಅದು ಶಾಲೆಯ ವರ್ಷವೂ ಅಲ್ಲ, ಹೆಂಚಿನ ವರ್ಷವೂ ಅಲ್ಲ, ಕಾರ್ಖಾನೆ ಶುರುವಾದ ವರ್ಷ. ಆದರೆ ಆ ಕಾರ್ಖಾನೆ ಹುಟ್ಟಿದ ಕಥೆಯೊಳಗೆ ನಿಜವಾಗಿಯೂ ಶಾಲೆಗಳಿವೆ.

ಕಥೆ ಜರ್ಮನಿಯಿಂದ ಶುರುವಾಗುತ್ತದೆ. ಪ್ರತಿಯೊಬ್ಬರೂ ಧರ್ಮಗ್ರಂಥವನ್ನು ತಮ್ಮ ಮಾತಿನಲ್ಲೇ ಓದಬೇಕು ಅನ್ನುವುದು ಮಾರ್ಟಿನ್ ಲೂಥರನ ನಿಲುವು. ಅದಕ್ಕಾಗಿ ಆತ ಬೈಬಲನ್ನು ಜರ್ಮನ್ ಭಾಷೆಗೆ ತಂದ. ಗ್ರಂಥ ಇದ್ದರೆ ಸಾಕೇ, ಓದಲು ಬರಬೇಕಲ್ಲ! 1524ರಲ್ಲಿ ನಗರಸಭೆಗಳಿಗೆ ಬಹಿರಂಗ ಪತ್ರ ಬರೆದು, ಶಾಲೆ ಕಟ್ಟಿ, ಹೆಣ್ಣುಮಕ್ಕಳಿಗೂ ಕಲಿಸಿ ಎಂದು ಒತ್ತಾಯಿಸಿದ. ಲೂಥರನ್ ಶಾಲೆಗಳ ಮೂಲ ಇಲ್ಲಿದೆ.

1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಪೂರ್ತಿ ಲೂಥರನ್ ಸಂಸ್ಥೆಯಲ್ಲ. ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಕೂಡಿ ನಡೆಸಿದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕೈಲಿದ್ದ ಮಂಗಳೂರು ಕಂಪನಿಗೆ ಹೋಯಿತು. 1833ರ ಸನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿಯ ಸೀಮೆಯ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಒಂದೆರಡು ವರ್ಷದಲ್ಲೇ ಕನ್ನಡ ಶಾಲೆ, ಅದರ ಹಿಂದೆಯೇ ಇಂಗ್ಲಿಷ್ ಶಾಲೆ ಶುರುವಾದವು.

ಉದ್ದೇಶವನ್ನು ಮುಚ್ಚಿಡುವುದು ಬೇಡ. ಅವರು ಬಂದದ್ದು ಮತಪ್ರಚಾರಕ್ಕೆ. 1844ರಲ್ಲಿ ಅವರ ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ಕ್ರೈಸ್ತನಾದಾಗ ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಮಗನನ್ನು ಓದೋಕೆ ಕಳಿಸಿದ ತಂದೆತಾಯಿಯ ಸಂಕಟ ಸಣ್ಣದಲ್ಲ. ಇತ್ತ ಮತ ಬದಲಿಸಿದವರಿಗೆ ಮನೆ, ಜಾತಿ, ಕುಲಕಸುಬು ಮೂರೂ ತಪ್ಪುತ್ತಿದ್ದವು. ಅವರಿಗೆ ಅನ್ನಕ್ಕೆ ದಾರಿ? ಮಿಷನ್ ನೇಯ್ಗೆ ಶುರುಮಾಡಿತು. ಆಮೇಲೆ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿ ಕೂರುವ ಆ ಹೆಂಚೇ 'ಮಂಗಳೂರು ಹೆಂಚು' ಆಗಿ ಘಟ್ಟ ಹತ್ತಿ ನಮ್ಮ ಕಡೆಗೂ ಬಂತು.

ಇನ್ನೊಂದು ಎಳೆ ಪುಸ್ತಕದ್ದು. ಕಲಿಸೋಕೆ ಪುಸ್ತಕ ಬೇಕು, ಪುಸ್ತಕಕ್ಕೆ ಅಚ್ಚುಕೂಟ ಬೇಕು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣ ಶುರುವಾಯಿತು. ಅಲ್ಲಿಂದಲೇ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ತಂದರು. ಕನ್ನಡದ ಮೊದಲ ಪತ್ರಿಕೆ ಅದು. ಇವತ್ತಿಗೂ ಜುಲೈ 1 ನಮ್ಮ ಪತ್ರಿಕಾ ದಿನ. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನೂ ಮೋಗ್ಲಿಂಗ್ ಅಚ್ಚು ಹಾಕಿಸಿದರು. ಅವು ಅವರ ಮತದ ಪುಸ್ತಕಗಳಲ್ಲ ಅನ್ನೋದನ್ನ ಗಮನಿಸಿ. ಜನರ ಮನಸ್ಸು ಅರಿಯದೆ ಅವರಿಗೆ ಏನನ್ನೂ ಹೇಳಲಾಗದು ಎಂಬುದು ಅವರಿಗೆ ಗೊತ್ತಿತ್ತು.

1853ರಲ್ಲಿ ಬಂದ ಲೂಥರನ್ ಪಾದ್ರಿಯ ಮಗ ಫರ್ಡಿನೆಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಬಂದು 41 ವರ್ಷವಾದ ಮೇಲೆ! ನಾವು ನಾಲ್ಕು ವರ್ಷದ ಡಿಗ್ರಿಗೇ ಉಸ್ಸಪ್ಪಾ ಅಂತೀವಿ.

1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳು ಬಂಧಿಗಳಾದರು, ಕಾರ್ಖಾನೆಗಳು ಬೇರೆಯವರ ಕೈ ಸೇರಿದವು. ಪತ್ರಿಕೆ, ನಿಘಂಟು, ಹೆಂಚು ಮಾತ್ರ ಎಲ್ಲ ಮತದವರದ್ದೂ ಆಗಿ ಉಳಿದವು.

ಇದನ್ನು ನಾವೇಕೆ ಓದಬೇಕು? ನಮ್ಮಲ್ಲಿ ಎಷ್ಟೋ ಜನ ಕನ್ನಡ ಮಾಧ್ಯಮದಿಂದ ಬಂದೋರು. ಮೊದಲ ಸೆಮಿಸ್ಟರಿನಲ್ಲಿ 'ಟಾರ್ಕ್' ಅಂದಾಗ ತಲೆ ಕೆರೆದುಕೊಂಡು, ಹೈಸ್ಕೂಲಿನಲ್ಲಿ ಕಲಿತ 'ಬಲದ ಭ್ರಾಮಕ'ಕ್ಕೂ ಇದಕ್ಕೂ ನಂಟಿದೆ ಅಂತ ತಿಳಿಯೋ ಹೊತ್ತಿಗೆ ಇಂಟರ್ನಲ್ಸ್ ಮುಗಿದಿತ್ತು. ದಡ್ಡರಾಗಿರಲಿಲ್ಲ, ದಾಟೋಕೆ ಸೇತುವೆ ಇರಲಿಲ್ಲ. ಕಡಲಾಚೆಯಿಂದ ಬಂದವರು ನಮ್ಮ ಭಾಷೆ ಕಲಿತು ಆ ಸೇತುವೆ ಕಟ್ಟಿದರು. ನಾಗಮಂಗಲದ ಬೆಳ್ಳೂರನ್ನು ಹೆಸರಲ್ಲಿಟ್ಟುಕೊಂಡ ಬಿ.ಎಂ.ಶ್ರೀ. ಇಂಗ್ಲಿಷ್ ಪಾಠ ಹೇಳುತ್ತಲೇ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದರು. ನಮ್ಮ ಕೈಲಿ ಏನೂ ಆಗಲ್ವಾ?

ನಮ್ಮ ಸಂಘದಿಂದ ಎರಡು ಕೆಲಸ ಹಿಡಿದಿದ್ದೇವೆ. ಮೊದಲ ವರ್ಷದ ವಿಷಯಗಳ ಪದಗಳಿಗೆ ಕನ್ನಡದಲ್ಲಿ ಅರ್ಥ, ಒಂದು ಉದಾಹರಣೆ, ಒಂದು ಚಿತ್ರ ಇರುವ ಪಟ್ಟಿ ಒಂದು. ತಿಂಗಳಿಗೊಂದು ಶನಿವಾರ ಆ ಶಾಲೆಯಲ್ಲಿ ವಿಜ್ಞಾನದ ಪಾಠ ಇನ್ನೊಂದು. ಇದರಿಂದ ಶಾಲೆ ಉಳಿದೇ ಬಿಡುತ್ತೆ ಅಂತ ಹೇಳೋಕಾಗಲ್ಲ. ಆದರೂ ಒಂಬತ್ತು ಮಕ್ಕಳು ಅಲ್ಲಿದ್ದಾರಲ್ಲ. ಹೆಂಚನ್ನು ಮತ್ತೆ ಸೂರಿಗೇರಿಸಿ ಬಂದಿದ್ದೇವೆ. ಮುಂದಿನ ಶನಿವಾರಕ್ಕೆ ಯಾರ್ಯಾರು ಬರ್ತೀರಿ, ಹೇಳಿ.