ಮಳೆ ಮುಚ್ಚಿಸುವ ಮೊದಲು ನೀನೇ ಮುಚ್ಚು

ಏಪ್ರಿಲ್ ಬಿಸಿಲಲ್ಲಿ ಮಳೆಗಾಲದ ಮಾತೆತ್ತಿದರೆ ನೀನು ಮುಖ ಸಿಂಡರಿಸುತ್ತೀ ಎಂದು ಗೊತ್ತು. ಮಲ್ಪೆ ಬಂದರಿನ ಹತ್ತಿರ ಮೀನೂಟದ ಹೋಟೆಲು ಹಾಕಿ ಇನ್ನೂ ವರ್ಷ ತುಂಬಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೇ ಜನ ಬಾಗಿಲಲ್ಲಿ ಕಾದು ನಿಲ್ಲುತ್ತಾರೆ. ಕೈ ಒರೆಸಿಕೊಳ್ಳಲೂ ನಿನಗೆ ಪುರುಸೊತ್ತಿಲ್ಲ. ಇಂಥ ಹೊತ್ತಿನಲ್ಲಿ ಅಜ್ಜಿ ಬಂದು "ಜೂನಲ್ಲಿ ಏನು ಮಾಡ್ತಿ ಮಾರಾಯ?" ಎಂದರೆ ಅಪಶಕುನ ನುಡಿದ ಹಾಗಾಗುತ್ತದೆ. ಆದರೂ ಕೇಳುತ್ತೇನೆ. ಗಲ್ಲಾಪೆಟ್ಟಿಗೆ ತುಂಬುವಾಗ ಕೇಳಬೇಕಾದ ಪ್ರಶ್ನೆ ಇದು. ಬರಿದಾದ ಮೇಲೆ ಕೇಳಿ ಏನು ಬಂತು?

"ಮುಚ್ಚುವುದು ಯಾಕೆ ಅಜ್ಜೀ, ಹೇಗೋ ನಡೆಸ್ತೇನೆ" ಎನ್ನುತ್ತೀ. ಹೇಗೋ ನಡೆಸಲು ಹೊರಟವರನ್ನು ಈ ಬೀದಿಯಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಜುಲೈ ಮುಗಿಯುವಾಗ ಅವರ ಕೈಯಲ್ಲಿ ದುಡ್ಡೂ ಇರಲಿಲ್ಲ, ಕೆಲಸದವರೂ ಇರಲಿಲ್ಲ.

ಸ್ವಲ್ಪ ಕೂತು ಲೆಕ್ಕ ಹಾಕು. ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ಮೀನು ಮೊಟ್ಟೆಯಿಡುವ ಕಾಲ ಅದು, ಸರ್ಕಾರ ನಿಷೇಧ ಹಾಕಿದ್ದು ಸರಿಯಾಗಿಯೇ ಇದೆ. ಟ್ರಾಲ್‌ಬೋಟು, ಪರ್ಸೀನು ಎಲ್ಲ ಬಂದರಿನಲ್ಲಿ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಲ್ಲುತ್ತವೆ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ಅದೂ ಕಡಲು ಮನಸ್ಸು ಮಾಡಿದ ದಿನ. ಹೊರಗಿನ ಮೀನು ತರಿಸುತ್ತೇನೆ ಎನ್ನುತ್ತೀಯಾ? ಪೂರ್ವ ಕರಾವಳಿಯವರಿಗೆ ಏಪ್ರಿಲ್ 15ರಿಂದ ಜೂನ್ 14ರ ತನಕ ನಿಷೇಧ. ಅಂದರೆ ಜೂನಿನ ಮೊದಲ ಎರಡು ವಾರ ಎರಡು ಕಡಲೂ ಬಂದ್. ಆಮೇಲೆ ಬರುವುದು ಲಾರಿಯಲ್ಲಿ ಐಸು ಹೊದ್ದು ಘಾಟಿ ದಾಟಿ ಬಂದ ಮೀನು. ನಿನ್ನ ಬೋರ್ಡಿನಲ್ಲಿ "ತಾಜಾ ಮೀನು" ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀ. ಈ ಊರಿನವರ ನಾಲಿಗೆಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸುಲಭವಲ್ಲ.

ಮೀನು ಹೇಗಾದರೂ ಸಿಕ್ಕಿತು ಅಂತಲೇ ಇಟ್ಟುಕೋ. ಉಣ್ಣುವವರು ಯಾರು? ಬೋಟಿನ ಹುಡುಗರು ಉತ್ತರ ಕನ್ನಡಕ್ಕೆ, ಆಂಧ್ರಕ್ಕೆ, ಒಡಿಶಾಕ್ಕೆ, ಜಾರ್ಖಂಡಿಗೆ ಗಂಟು ಕಟ್ಟಿರುತ್ತಾರೆ. ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿ ನಿಂತಿರುತ್ತದೆ. ಬೀಚಿನಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ದಿನಕ್ಕೆ ಹತ್ತು ಊಟ ಹೋದರೂ ಒಲೆ ಉರಿಯಲೇಬೇಕು, ಫ್ರೀಜರ್ ಓಡಲೇಬೇಕು, ಸಂಬಳ ಕೊಡಲೇಬೇಕು. ಚಳಿಗಾಲದಲ್ಲಿ ಬೆವರು ಸುರಿಸಿ ಕೂಡಿಸಿದ್ದನ್ನು ಮಳೆಗಾಲದಲ್ಲಿ ಹಟಕ್ಕೆ ಸುಡುತ್ತೀ.

ಹಟ ಅಂದೆ ನೋಡು, ನಿನ್ನ ನಿಜವಾದ ತೊಂದರೆ ಅದೇ. ಶಟರ್ ಎಳೆದರೆ ಜನ ಏನೆಂದುಕೊಂಡಾರು ಎಂಬ ನಾಚಿಕೆ ನಿನಗೆ. ಹೋಟೆಲು ಕೂತು ಹೋಯಿತು ಎಂದು ಆಡಿಕೊಂಡಾರು ಎಂಬ ಅಂಜಿಕೆ. ನಮ್ಮ ಯಕ್ಷಗಾನ ಮೇಳಗಳನ್ನು ನೋಡು. ಬೇಶ ತಿಂಗಳ ಹತ್ತನೆಯ ದಿನ, ಮೇ 24-25ರ ಹೊತ್ತಿಗೆ, ಪತ್ತನಾಜೆ ಬರುತ್ತದೆ. ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನೇಮ ಕೋಲಗಳೂ ನಿಲ್ಲುತ್ತವೆ. ದೀಪಾವಳಿ ಕಳೆಯುವಾಗ ಮತ್ತೆ ಚೆಂಡೆ ಕೇಳುತ್ತದೆ. ಮೇಳ ಮುಳುಗಿತಂತೆ ಎಂದು ಯಾರಾದರೂ ಹೇಳಿದ್ದು ಕೇಳಿದ್ದೀಯಾ? ಕಟೀಲು ಮೇಳದ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುತ್ತಾರೆ. ನಿಲ್ಲಿಸುವ ದಿನವೂ ಶುರುಮಾಡುವ ದಿನವೂ ಊರಿಗೆಲ್ಲ ಗೊತ್ತಿದ್ದರೆ ಮಾನ ಹೋಗುವುದಿಲ್ಲ. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಶಟರ್ ಎಳೆದು, "ನೋಡುವ, ಮಳೆ ಕಡಿಮೆಯಾಗಲಿ" ಎಂದು ಕೂತರೆ ಹೋಗುತ್ತದೆ.

ಹಾಗಾಗಿ ಮೊದಲು ತೆರೆಯುವ ತಾರೀಕು ಗೊತ್ತುಮಾಡು, ಆಮೇಲೆ ಮುಚ್ಚುವ ತಾರೀಕು. ಆಗಸ್ಟ್ 1 ಎಂದು ಬರೆಯಲು ಕೈ ತುರಿಸುತ್ತಿದೆ ಅಲ್ಲವಾ? ಬೇಡ. ಆ ದಿನಕ್ಕೆ ನಿಷೇಧ ಮುಗಿದಿರುತ್ತದೆ, ಮೀನು ಬಂದುಬಿಡುವುದಿಲ್ಲ. ಊರಿಗೆ ಹೋದ ಬೋಟಿನವರು ಒಬ್ಬೊಬ್ಬರಾಗಿ ಬರಬೇಕು, ಬಲೆ ಐಸು ಡೀಸೆಲು ತುಂಬಬೇಕು. ದೂರ ಹೋಗುವ ಬೋಟು ಹೋಗಿ ತಿರುಗಿ ಬರಲು ದಿನಗಳೇ ಬೇಕು. ಗಾಳಿ ಜೋರಿದ್ದರೆ ಅದೂ ಇಲ್ಲ. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಸಮುದ್ರ ಪೂಜೆ ಮಾಡುವುದು ನಮ್ಮ ಮೊಗವೀರರ ಸಂಪ್ರದಾಯ. ಶ್ರಾವಣದಲ್ಲಿ ಮೀನು ಮುಟ್ಟದ ಮನೆಗಳೂ ಸಾಕಷ್ಟಿವೆ. ಇದನ್ನೆಲ್ಲ ಪಂಚಾಂಗ ಎದುರಿಗಿಟ್ಟುಕೊಂಡು ನೋಡು. ಎಂಟು ಹತ್ತು ದಿನ ತಡವಾಗಿ ತೆರೆದರೂ ಚಿಂತೆಯಿಲ್ಲ, ಹೇಳಿದ ದಿನ ತೆರೆ. ತೆರೆದ ಮೊದಲ ದಿನ "ಬಂಗುಡೆ ಇಲ್ಲ, ಕಾಣೆ ಇಲ್ಲ, ಅಂಜಲ್ ನಾಳೆ ಬರಬಹುದು" ಎಂದು ಹೇಳಿಸಿಕೊಂಡು ಹೋದವನು ಮತ್ತೆ ನಿನ್ನ ಮೆಟ್ಟಿಲು ಹತ್ತುವುದಿಲ್ಲ.

ತಾರೀಕನ್ನು ಕಾಗದದಲ್ಲಿ ಬರೆದು ಅಂಟಿಸಬೇಡ, ಮೊದಲ ಮಳೆಗೇ ಅಳಿಸಿ ಹೋಗುತ್ತದೆ. ತಗಡಿಗೆ ಬಣ್ಣದಲ್ಲಿ ಬರೆಸು. ಮೇ ಮೊದಲ ವಾರವೇ ಗಲ್ಲಾದ ಪಕ್ಕ ತೂಗಿಹಾಕು, ಮುಚ್ಚುವ ದಿನ ಶಟರಿಗೆ ಕಟ್ಟು. ಗೂಗಲ್ ಮ್ಯಾಪಿನಲ್ಲಿ "ತಾತ್ಕಾಲಿಕವಾಗಿ ಮುಚ್ಚಿದೆ" ಎಂದು ಹಾಕುವ ಅವಕಾಶ ಇದೆಯಂತೆ, ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಿಂದ ಮಕ್ಕಳುಮರಿ ಕಟ್ಟಿಕೊಂಡು ಬಂದವರು ಮಳೆಯಲ್ಲಿ ನೆನೆದು ನಿನ್ನ ಬೀಗ ನೋಡಿ ಹೋಗುವಂತೆ ಮಾಡಬೇಡ. ಹಸಿದು ಬಂದವರನ್ನು ಬಾಗಿಲಿಂದ ವಾಪಸು ಕಳಿಸುವುದು ನನಗೆ ಮೊದಲಿನಿಂದಲೂ ಆಗದ ವಿಷಯ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ನಿನ್ನ ಹೋಟೆಲಿನ ಹಿಂಬದಿ ನಲ್ಲಿಯ ಹತ್ತಿರ ಮೆಟ್ಟುಕತ್ತಿ ಇಟ್ಟುಕೊಂಡು ಮೀನು ಕೊಯ್ಯುವ ಅಕ್ಕ ಇದ್ದಾಳಲ್ಲ, ಅವಳನ್ನು ಒಂದು ದಿನವಾದರೂ ನಿಂತು ನೋಡಿದ್ದೀಯಾ? ಬಂಗುಡೆ ಕೈಗೆತ್ತಿಕೊಂಡ ಕೂಡಲೇ ಹೆಬ್ಬೆರಳಲ್ಲಿ ಕಿವಿರು ಎತ್ತುತ್ತಾಳೆ. ಕೆಂಪಿದ್ದರೆ ಒಂದೇ ಎಳೆತಕ್ಕೆ ಕಿವಿರೂ ಕರುಳೂ ಹೊರಗೆ. ಮಸಾಲೆ ಇಳಿಯಲೆಂದು ಎರಡೂ ಮಗ್ಗುಲಿಗೆ ಓರೆಯಾಗಿ ಮೂರು ಗೀರು, ಮುಳ್ಳು ತಾಗುವಷ್ಟೇ ಆಳ. ಕಿವಿರು ಕಂದಿದ್ದರೆ ಮಾತೇ ಇಲ್ಲ, ಮೀನು ಬದಿಗೆ ಬೀಳುತ್ತದೆ. ಗಿರಾಕಿ ನಿನ್ನ ಮಸಾಲೆ ಹೊಗಳಿ ಹೋಗುತ್ತಾನೆ. ಅವನ ಹೊಟ್ಟೆ ಕೆಡದಂತೆ ಕಾದವಳು ಅವಳು. ಎರಡು ತಿಂಗಳು ಕೇಳುವವರಿಲ್ಲದಿದ್ದರೆ ಅವಳು ಬೇರೆ ಕಡೆ ಸೇರಿಕೊಳ್ಳುತ್ತಾಳೆ. ಸೇರಿಕೊಳ್ಳಲೇಬೇಕು, ಅವಳಿಗೂ ಮನೆ ಇದೆ. ಆಗಸ್ಟಿನಲ್ಲಿ ನೀನು ಹುಡುಕಿಕೊಂಡು ಹೋದರೆ "ಈಗ ಬರಲು ಆಗುವುದಿಲ್ಲ ಮಗಾ" ಎನ್ನುತ್ತಾಳೆ, ನೀನು ಮೆಟ್ಟುಕತ್ತಿಯ ಎದುರು ಕೂತು ಬೆರಳು ಕೊಯ್ದುಕೊಳ್ಳುತ್ತೀ.

ಮುಚ್ಚುವ ಸುದ್ದಿ ಕೆಲಸದವರಿಗೆ ಮೊದಲು ನಿನ್ನ ಬಾಯಿಂದಲೇ ತಿಳಿಯಬೇಕು, ಅದೂ ಈಗಲೇ. ಇನ್ನೊಂದು ಸಂಗತಿ ನಿನ್ನ ವಯಸ್ಸಿಗೆ ಹೊಳೆಯುವುದಿಲ್ಲ. ನೀನು ಬಾಗಿಲು ಹಾಕುವ ಹೊತ್ತಿಗೇ ಶಾಲೆ ಶುರುವಾಗುತ್ತದೆ. ಪುಸ್ತಕ, ಸಮವಸ್ತ್ರ, ಕೊಡೆ, ಶುಲ್ಕ ಎಲ್ಲ ಒಟ್ಟಿಗೆ ಬಂದು ಮನೆಯವರ ಕುತ್ತಿಗೆ ಹಿಡಿಯುವುದು ಆ ವಾರವೇ. ಮೇ ಸಂಬಳ ಒಂದು ಪೈಸೆ ಬಾಕಿ ಇಲ್ಲದಂತೆ, ತಿಂಗಳು ಮುಗಿಯುವ ಮೊದಲೇ ಕೈಗೆ ಕೊಡು. ತಿರುಗಿ ಬರಲಿ ಎಂದು ಸಂಬಳ ಹಿಡಿದಿಟ್ಟುಕೊಳ್ಳುವ ಚಾಳಿ ಕೆಲವರಿಗಿದೆ. ಅದು ಕೆಟ್ಟ ಬುದ್ಧಿ. ದುಡಿದದ್ದನ್ನು ತಡೆಹಿಡಿದು ಯಾರ ವಿಶ್ವಾಸವನ್ನೂ ಗಳಿಸಲಾಗುವುದಿಲ್ಲ. ಮುಚ್ಚಿದ ಎರಡು ತಿಂಗಳು ಪೂರ್ತಿ ಸಂಬಳ ಕೊಡುವ ಶಕ್ತಿ ನಿನಗಿಲ್ಲ, ಅವರೂ ಅಷ್ಟು ಬಯಸುವುದಿಲ್ಲ. ಕೈಲಾದಷ್ಟು, ಅರ್ಧವೋ ಮೂರರಲ್ಲಿ ಒಂದು ಪಾಲೋ, ಇಂತಿಷ್ಟು ಎಂದು ಈಗಲೇ ಹೇಳು. ಹೇಳಿದ್ದನ್ನು ಹೇಳಿದ ದಿನ ಮನೆಗೆ ತಲುಪಿಸು. ಉಳಿದದ್ದಕ್ಕೆ ನಾಟಿ ಕೆಲಸವೋ ಬೀಡಿ ಕಟ್ಟುವುದೋ ಅವರೇ ನೋಡಿಕೊಳ್ಳುತ್ತಾರೆ. ಸಪ್ಲೈ ಮಾಡುವ ಬಾಗಲಕೋಟೆಯ ಹುಡುಗ ಮುಂಗಾರು ಬಿತ್ತನೆಗೆ ಊರಿಗೆ ಹೋಗಬೇಕೆಂದು ಆಗಲೇ ದಿನ ಎಣಿಸುತ್ತಿದ್ದಾನೆ. ಅವನಿಗೆ ಹೋಗುವ ಬಸ್ಸಿನ ದುಡ್ಡು ಕೊಡು, ಬರುವ ತಾರೀಕನ್ನು ಅವನ ಬಾಯಿಂದಲೇ ಹೇಳಿಸಿಕೋ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಎನ್ನುತ್ತೀ. ಅದಕ್ಕೆ ಮದ್ದು ಹುಟ್ಟಿದ್ದು ನಿನ್ನ ಜಿಲ್ಲೆಯಲ್ಲೇ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಶುರುಮಾಡಿದರು. ಏಜೆಂಟರು ಮನೆ ಮನೆಗೆ, ಅಂಗಡಿ ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ತೆಗೆದುಕೊಳ್ಳುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಪಿಗ್ಮಿಯ ಪದ್ಧತಿ ನಮ್ಮ ಸಹಕಾರಿ ಸಂಘಗಳಲ್ಲಿ ಇವತ್ತಿಗೂ ಇದೆ. ಮುಚ್ಚಿದ ಎರಡು ತಿಂಗಳಿಗೆ ಬಾಡಿಗೆ, ಸಂಬಳದ ಪಾಲು, ಕರೆಂಟಿನ ನಿಗದಿ ಶುಲ್ಕ, ಸಾಲದ ಕಂತು ಎಲ್ಲ ಸೇರಿ 90,000 ರೂಪಾಯಿ ಎಂದಿಟ್ಟುಕೋ. ಹೋಟೆಲು ನಡೆಯುವ 300 ದಿನಕ್ಕೆ ಹಂಚಿದರೆ ದಿನಕ್ಕೆ 300 ರೂಪಾಯಿ, ಒಂದು ಅಂಜಲ್ ಫ್ರೈಯ ಬೆಲೆ. ಈ ವರ್ಷ ನೀನು ಎಚ್ಚೆತ್ತದ್ದು ತಡವಾಯಿತು. ಉಳಿದ 50 ದಿನದಲ್ಲಿ ಅಷ್ಟು ಕೂಡಿಸಬೇಕಾದರೆ ದಿನಕ್ಕೆ 1,800 ತೆಗೆದಿಡಬೇಕು. ಕಷ್ಟ, ಆದರೆ ಮೇ ತಿಂಗಳ ರಜೆಯ ಜನಜಂಗುಳಿಯಲ್ಲಿ ಆಗದ್ದೇನಲ್ಲ. ಆ ಹೊಸ ಬೈಕಿನ ಯೋಚನೆ ಸದ್ಯಕ್ಕೆ ಬದಿಗಿರಲಿ.

ಕಟ್ಟಡದ ಯಜಮಾನರ ಹತ್ತಿರವೂ ಈಗಲೇ ಮಾತಾಡು. ಗಿರಾಕಿ ತುಂಬಿದ ಅಂಗಡಿಯ ಬಾಡಿಗೆದಾರನಿಗೆ ಸಿಗುವ ಮರ್ಯಾದೆ ಜೂನಿನಲ್ಲಿ ಕೊಡೆ ಮಡಚಿ ನಿಂತವನಿಗೆ ಸಿಗುವುದಿಲ್ಲ. ಜಿಎಸ್‌ಟಿ ನಂಬರ್ ಇದ್ದರೆ ವ್ಯಾಪಾರ ಸೊನ್ನೆಯಾದರೂ ಲೆಕ್ಕ ಸಲ್ಲಿಸಲೇಬೇಕು, ಬಾಗಿಲು ಹಾಕಿದ್ದೆ ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ. ಆಹಾರ ಪರವಾನಗಿಯ ಕಾಗದವನ್ನೂ ಒಮ್ಮೆ ತೆಗೆದು ನೋಡು. ದಿನಸಿ ಅಂಗಡಿಯ ಬಾಕಿ ತೀರಿಸಿಯೇ ಬಾಗಿಲು ಹಾಕು.

ಮುಚ್ಚುವ ಕೆಲಸಕ್ಕೆ ಮೂರು ದಿನವಾದರೂ ಬೇಕು. ಕೊನೆಯ ಊಟ ಬಡಿಸಿ ರಾತ್ರಿಯೇ ಬೀಗ ಹಾಕಿ ಓಡುವ ಆಲೋಚನೆ ಬಿಡು. ಮೇ ಎರಡನೆಯ ವಾರದಿಂದ ಸಾಮಾನು ಕಡಿಮೆ ತರಿಸು. ಅರೆದ ಮಸಾಲೆಯಾಗಲಿ ಬ್ಯಾಡಗಿ ಮೆಣಸಿನ ಪುಡಿಯಾಗಲಿ ಉಳಿಸಬೇಡ, ನಮ್ಮ ತೇವಕ್ಕೆ ಹದಿನೈದು ದಿನದಲ್ಲಿ ಗಂಟುಕಟ್ಟಿ ಬೂಷ್ಟು ಹಿಡಿಯುತ್ತದೆ. ಫ್ರೀಜರಿನಲ್ಲಿ ಒಂದು ತುಂಡು ಮೀನೂ ಇರಬಾರದು. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಅಕ್ಕಪಕ್ಕದವರೆಲ್ಲ ಮೂಗು ಮುಚ್ಚಿಕೊಂಡು ನಿನ್ನನ್ನು ನೆನೆಯುತ್ತಾರೆ. ಫ್ರೀಜರ್ ಆರಿಸಿ, ಐಸು ಕರಗಿಸಿ, ಸೋಡಾಪುಡಿ ಹಾಕಿ ಒರೆಸಿ, ಬಾಗಿಲಿಗೆ ಸಣ್ಣ ಕೋಲು ಸಿಕ್ಕಿಸಿ ಸಂದು ಬಿಟ್ಟೇ ಇಡು. ಮುಚ್ಚಿಟ್ಟ ಫ್ರೀಜರಿನ ವಾಸನೆ ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಕಾವಲಿಯನ್ನು ಬಿಸಿ ಮಾಡಿ, ಬಿಸಿ ಇರುವಾಗಲೇ ತೆಂಗಿನೆಣ್ಣೆ ಸವರಿ, ಹಳೇ ಪೇಪರಿನಲ್ಲಿ ಸುತ್ತು. ಮೆಟ್ಟುಕತ್ತಿಗೂ ಹಾಗೆಯೇ. ಕಡಲ ಗಾಳಿಗೆ ಶಟರಿನ ಕಬ್ಬಿಣವೇ ಮೊದಲು ಬಲಿ, ಅದರ ಹಳಿಗೆ ಗ್ರೀಸು, ಬೀಗಕ್ಕೆ ಎಣ್ಣೆ, ಮೇಲೊಂದು ಪ್ಲಾಸ್ಟಿಕ್ಕಿನ ಚೀಲ. ಸಿಲಿಂಡರಿನ ರೆಗ್ಯುಲೇಟರ್ ಕಳಚು, ಮೇನ್ ಸ್ವಿಚ್ ಆರಿಸು. ವಾರಕ್ಕೊಮ್ಮೆ ಹೋಗಿ ಬಾಗಿಲು ತೆಗೆದು ಗಾಳಿಯಾಡಿಸು, ಹಂಚು ಸೋರುತ್ತಿದೆಯೋ ಇಲಿ ವಯರು ಕಡಿದಿದೆಯೋ ನೋಡು.

ಸಿಕ್ಕಿದ ಬಿಡುವಿನಲ್ಲಿ ಇನ್ನೊಂದು ಹೊಸ ವ್ಯಾಪಾರಕ್ಕೆ ಕೈಹಾಕಬೇಡ, ನಿನ್ನ ಸ್ವಭಾವ ನನಗೆ ಗೊತ್ತು. ನಿದ್ದೆ ಮಾಡು. ಕುಂದಾಪುರ ಕಡೆ, ಕಾರವಾರದ ಕಡೆ ಹೋಗಿ ಬೇರೆಯವರ ಮನೆಯ ಮೀನುಸಾರು ಉಣ್ಣು. ಕಳೆದ ಒಂಬತ್ತು ತಿಂಗಳ ಲೆಕ್ಕಪುಸ್ತಕ ಬಿಡಿಸಿ ಯಾವ ಪದಾರ್ಥ ದುಡ್ಡು ತಂದಿತು, ಯಾವುದು ತಿಂದಿತು ಎಂದು ಗುರುತು ಹಾಕು. ನಿನ್ನ ಅಮ್ಮನ ಹತ್ತಿರ ಕೂತು ಒಂದು ಮಧ್ಯಾಹ್ನ ನಿಧಾನವಾಗಿ ಊಟ ಮಾಡಿ ಎಷ್ಟು ಕಾಲವಾಯಿತು ಹೇಳು.

ತೆರೆಯುವ ಮೊದಲ ವಾರ ಪೂರ್ತಿ ಮೆನು ಇಡಬೇಡ. ಆ ದಿನ ದೋಣಿಯಲ್ಲಿ ಬಂದದ್ದೇನೋ ಅದರ ಸಾರು, ಅದರದೇ ಫ್ರೈ, ಕುಚ್ಚಲಕ್ಕಿ ಅನ್ನ, ಒಂದು ಪಲ್ಯ. ಬೂತಾಯಿ ಬಂದರೆ ಬೂತಾಯಿಯೇ ಸಾಕು, ಪುಳಿಮುಂಚಿ ಮಾಡು. ಎರಡು ದಿನ ಮೊದಲೇ ಒಲೆ ಹಚ್ಚಿ ಕಾವಲಿ ಹದಕ್ಕೆ ತಂದು, ಕೆಲಸದವರಿಗೆಲ್ಲ ನೀನೇ ಕೈಯಾರೆ ಬಡಿಸು.

ಅದೆಲ್ಲ ಆಗಸ್ಟಿನ ಮಾತಾಯಿತು. ನಾಳೆ ಬೆಳಿಗ್ಗೆ ಬುಟ್ಟಿ ಇಳಿಸುವ ಮೊದಲು ಮೀನು ಕೊಯ್ಯುವ ಅಕ್ಕನಿಗೆ ಒಂದು ಲೋಟ ಚಾ ಕೊಟ್ಟು, ಎರಡು ನಿಮಿಷ ಕೂತು, ಈ ವಿಷಯ ಹೇಳಿ ಬಾ.