ಇಪ್ಪತ್ತು ಸಾವಿರ ಜೀನು, ಲೆಕ್ಕವಿಲ್ಲದ ಪ್ರತಿಕಾಯ

ಸಿಂಧು,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದ ಉತ್ತರ ಕೊಡಲು ಮನಸ್ಸಾಗಲಿಲ್ಲ. ಮನುಷ್ಯನಿಗಿರುವ ಜೀನ್‌ಗಳೇ ಸುಮಾರು 20,000, ಹಾಗಾದರೆ ರೋಗಾಣುಗಳನ್ನು ಹಿಡಿಯುವ ಕೋಟಿಗಟ್ಟಲೆ ಬಗೆಯ ಪ್ರತಿಕಾಯಗಳು ಎಲ್ಲಿಂದ ಬಂದವು ಅಂದೆಯಲ್ಲ. ಪುಟ್ಟೀ, ಈ ಪ್ರಶ್ನೆ ಘಟಾನುಘಟಿಗಳ ನಿದ್ದೆ ಕೆಡಿಸಿತ್ತು.

ಪ್ರತಿಕಾಯಕ್ಕೊಂದರಂತೆ ಇಡಿಯಾದ ಜೀನ್ ನಮ್ಮಲ್ಲಿಲ್ಲ. ಇರುವುದು ಬಿಡಿ ತುಂಡುಗಳು. ಪ್ರತಿಕಾಯದ ಭಾರದ ಸರಪಳಿಯನ್ನೇ ತೆಗೆದುಕೋ. ಅದಕ್ಕೆ 14ನೇ ಕ್ರೋಮೊಸೋಮಿನಲ್ಲಿ ಬಳಕೆಗೆ ಬರುವ ವಿ ತುಂಡುಗಳು ಸುಮಾರು 40, ಡಿ 23, ಜೆ 6. ಪ್ರತಿಕಾಯ ತಯಾರಿಸುವ ಬಿ ಕೋಶ ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗ ಒಂದೊಂದು ಬಗೆಯಲ್ಲಿ ಒಂದನ್ನು ಆರಿಸಿ, ನಡುವಿನದನ್ನು ಕತ್ತರಿಸಿ ಎಸೆದು, ಮೂರನ್ನೂ ಜೋಡಿಸುತ್ತದೆ. ಗುಣಿಸಿ ನೋಡು: 5,520. ಅದರ ಜೊತೆಗಿರುವ ಹಗುರ ಸರಪಳಿಯಲ್ಲಿ ಮುನ್ನೂರರಷ್ಟು ಜೋಡಣೆ ಸಾಧ್ಯ. ಎರಡೂ ಸೇರಿದರೆ ಹದಿನಾರು ಲಕ್ಷ ದಾಟಿತು. ಟಿ ಕೋಶಗಳೂ ಥೈಮಸ್‌ನಲ್ಲಿ ಇದೇ ಕೆಲಸ ಮಾಡಿ ರೋಗಾಣುವನ್ನು ಗುರುತಿಸುವ ತಮ್ಮ ಗ್ರಾಹಕಗಳನ್ನು ಕಟ್ಟಿಕೊಳ್ಳುತ್ತವೆ.

ನನಗೆ ತೀರಾ ಇಷ್ಟವಾದದ್ದು ಇನ್ನು ಮುಂದಿನದು. ಕತ್ತರಿಸುವ ಕೆಲಸ ರ‍್ಯಾಗ್-1, ರ‍್ಯಾಗ್-2 ಎಂಬ ಪ್ರೋಟೀನ್‌ಗಳದ್ದು. ಕತ್ತರಿಸಿದ ತುದಿಗಳು ಕೂಡುವ ಮುಂಚೆ ಟಿಡಿಟಿ ಎಂಬ ಕಿಣ್ವ ಬಂದು, ಯಾವ ಮೂಲಪ್ರತಿಯನ್ನೂ ನೋಡದೆ, ಕೈಗೆ ಸಿಕ್ಕ ಡಿಎನ್‌ಎ ಅಕ್ಷರಗಳನ್ನು ಅಲ್ಲಿ ತುರುಕುತ್ತದೆ! ವೈವಿಧ್ಯ ಲಕ್ಷಗಳನ್ನು ಬಿಟ್ಟು ಎಲ್ಲಿಗೋ ಹೋಗುವುದು ಇದರಿಂದಲೇ. ಆದರೆ ಸಂಕೇತವನ್ನು ಓದುವುದು ಮೂರು ಮೂರು ಅಕ್ಷರವಾಗಿ. ಹಾಗಾಗಿ ಮೂರರಲ್ಲಿ ಎರಡು ಜೋಡಣೆ ಲೆಕ್ಕ ತಪ್ಪಿ ಹಾಳು. ಆಗ ಜೋಡಿ ಕ್ರೋಮೊಸೋಮಿನ ಮೇಲೆ ಇನ್ನೊಂದು ಅವಕಾಶ. ಅದೂ ಕೆಟ್ಟರೆ ಕೋಶ ಸಾಯುತ್ತದೆ. ಸ್ವಂತ ದೇಹದ ಮೇಲೇ ಎರಗುವಂಥ ಕೋಶಗಳನ್ನು ಬಹುಪಾಲು ಹುಟ್ಟಿದಲ್ಲೇ ಸೋಸಲಾಗುತ್ತದೆ.

ಎಂಥ ದುಂದು ಅನ್ನಬೇಡ. ರೋಗಾಣು ಬಂದು ಕೋಶಕ್ಕೆ ಏನನ್ನೂ ಕಲಿಸುವುದಿಲ್ಲ. ಅದು ಬರುವ ಮೊದಲೇ ಸಿದ್ಧವಾಗಿ ಕುಳಿತ ಅಸಂಖ್ಯ ಗ್ರಾಹಕಗಳಲ್ಲಿ ಯಾವುದೋ ಒಂದು ಹೊಂದಿಕೊಳ್ಳುತ್ತದೆ. ಆ ಗ್ರಾಹಕವಿರುವ ಕೋಶ ಮರಿಹಾಕುತ್ತ ಹೋಗುತ್ತದೆ, ಅಷ್ಟೆ. ರ‍್ಯಾಗ್ ಪೂರ್ತಿ ಕೆಟ್ಟು ಹುಟ್ಟುವ ಶಿಶುವಿಗೆ ಬಿ ಕೋಶವೂ ಇಲ್ಲ, ಟಿ ಕೋಶವೂ ಇಲ್ಲ. ಅಸ್ಥಿಮಜ್ಜೆಯ ಕಸಿಯಂಥ ಚಿಕಿತ್ಸೆ ಆಗದಿದ್ದರೆ ಮಾಮೂಲಿ ಸೋಂಕೇ ಜೀವ ತೆಗೆಯುತ್ತದೆ.

ಜೀನ್ ತುಂಡುಗಳು ಹೀಗೆ ಜೋಡಣೆಯಾಗುವುದನ್ನು ಬಯಲಿಗೆ ತಂದವರು ಜಪಾನಿನ ಸುಸುಮು ಟೊನೆಗಾವಾ. ಅಮೆರಿಕದ ವೀಸಾ ಮುಗಿದದ್ದರಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಸೇರಿದ ಮನುಷ್ಯ. (ವೀಸಾ ಕಚೇರಿಗಳಿಂದ ವಿಜ್ಞಾನಕ್ಕೆ ಹೀಗೂ ಉಪಕಾರವಾಗುತ್ತದೆ.) 1976ರಲ್ಲಿ ಅವರೂ ಸಹೋದ್ಯೋಗಿ ಹೊಝುಮಿಯೂ ಇಲಿಯ ಭ್ರೂಣದ ಡಿಎನ್‌ಎಯನ್ನು, ಪ್ರತಿಕಾಯ ತಯಾರಿಸುವ ಗಡ್ಡೆಯ ಡಿಎನ್‌ಎ ಜೊತೆ ಹೋಲಿಸಿದರು. ಭ್ರೂಣದಲ್ಲಿ ದೂರದೂರವಿದ್ದ ತುಂಡುಗಳು ಗಡ್ಡೆಯಲ್ಲಿ ಒಟ್ಟಾಗಿದ್ದವು. 1987ರ ವೈದ್ಯಕೀಯ ನೊಬೆಲ್ ಅವರೊಬ್ಬರಿಗೇ ಸಂದಿತು.

ನಿನ್ನ ಪುಸ್ತಕದಲ್ಲಿ ‘ದೇಹದ ಎಲ್ಲ ಕೋಶಗಳಲ್ಲೂ ಡಿಎನ್‌ಎ ಒಂದೇ’ ಎಂದಿದ್ದರೆ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ‘ಬಿ, ಟಿ ಕೋಶಗಳಲ್ಲಿ ಅಲ್ಲ’ ಎಂದು ಬರೆದಿಡು. ಮೇಷ್ಟ್ರು ಕೇಳಿದರೆ ಈ ಕಾಗದ ತೋರಿಸು.

ಇತಿ,
ನಿನ್ನ ಅಜ್ಜ