ಶಾಲೆಗೆ ಫ್ಯಾನ್ ಕೊಡಿಸಲು ಸಾಲ ಮಾಡಬೇಕೆ?

ಪ್ರಶ್ನೆ: ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಬೆಳಿಗ್ಗೆ ವ್ಯಾನ್ ಹತ್ತಿದರೆ ಮನೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಎಂಬತ್ತು ಮಕ್ಕಳಿರಬಹುದು. ಜೂನ್‌ನಲ್ಲಿ ಪೋಷಕರ ಸಭೆ ಕರೆದು ಹೆಡ್ ಮೇಷ್ಟ್ರು ಒಂದು ಪಟ್ಟಿ ಓದಿದರು. ಮಾರ್ಕರ್, ಪೇಪರ್ ಬಂಡಲ್, ಡ್ರಾಯಿಂಗ್ ಶೀಟ್, ನೀರಿನ ಫಿಲ್ಟರ್, ಫ್ಯಾನ್, ಪೊರಕೆ, ಫಿನಾಯಿಲ್. ಯಾರು ಏನು ಕೊಡುತ್ತೀರಿ ಅಂದಾಗ ಒಬ್ಬೊಬ್ಬರೇ ಎದ್ದು ಹೇಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಆಗಸ್ಟ್ 15ರಂದು ಕೊಟ್ಟವರಿಗೆಲ್ಲ ಶಾಲು ಹೊದಿಸಿ, ಅವರ ಮಕ್ಕಳನ್ನೂ ವೇದಿಕೆಗೆ ಕರೆದು ಚಪ್ಪಾಳೆ ತಟ್ಟಿಸಿದರು. ಫೋಟೊಗಳು ಶಾಲೆಯ ವಾಟ್ಸ್ಆ್ಯಪ್ ಗ್ರೂಪಿಗೂ ಬಂದವು. ಆವತ್ತಿನಿಂದ ಮಗಳದ್ದು ಒಂದೇ ಪ್ರಶ್ನೆ: ‘ನಿನ್ನ ಹೆಸರು ಯಾವಾಗ ಕೂಗ್ತಾರಮ್ಮ?’ ಈಚೆಗೆ ಹೊಟ್ಟೆನೋವು ಅಂತ ಎರಡು ಮೂರು ಸಲ ಶಾಲೆ ತಪ್ಪಿಸಿದ್ದಾಳೆ. ಸಂಘದಲ್ಲಿ ಐದು ಸಾವಿರ ಸಾಲ ಎತ್ತಿ ಎರಡು ಫ್ಯಾನ್ ಕೊಡಿಸಿಬಿಡೋಣ ಅಂದುಕೊಂಡಿದ್ದೇನೆ. ಯಜಮಾನರಿಗೆ ಹೇಳಿಲ್ಲ. ಮೇಷ್ಟ್ರು ಒಳ್ಳೆಯವರು, ಅವರನ್ನು ದೂರುವುದಕ್ಕೆ ಬರೆಯುತ್ತಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ. ನಾನು ಮಾಡಹೊರಟಿರುವುದು ಸರಿಯೇ?
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ತಲೆ ತಗ್ಗಿಸಿ ಕೂತಿದ್ದೆ’ ಎಂಬ ಮಾತು. ದಿನಾ ನೋಡುವ ಮುಖಗಳೇ ಒಂದೊಂದಾಗಿ ಎದ್ದು ‘ನಂದೊಂದು ಫಿಲ್ಟರ್’, ‘ನಂದು ಪೇಪರ್ ಬಂಡಲ್’ ಎನ್ನುತ್ತಿರುವಾಗ, ಸರದಿ ನಿಮ್ಮ ಸಾಲಿನ ಕಡೆಗೆ ಬರುತ್ತಿರುವಾಗ, ಆ ಹೊತ್ತು ಎಷ್ಟು ಭಾರವಾಗಿತ್ತೆಂದು ಊಹಿಸಬಲ್ಲೆ. ಯಾರೂ ಬೈದಿಲ್ಲ, ಯಾರೂ ಬೊಟ್ಟು ಮಾಡಿ ಕೇಳಿಲ್ಲ. ಆದರೂ ಅವಮಾನವಾಗಿದೆ, ಮತ್ತು ಅದು ನಿಮ್ಮ ಕಲ್ಪನೆಯಲ್ಲ. ಬೈದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಒಳ್ಳೆಯವರಿಂದ, ಒಳ್ಳೆಯ ಕೆಲಸದ ನಡುವೆ ಆದ ನೋವನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ, ಅದನ್ನು ನಿಮ್ಮ ಮೇಲೆಯೇ ಹೊತ್ತುಕೊಂಡಿದ್ದೀರಿ. ನಿದ್ದೆ ಕೆಟ್ಟಿರುವುದು ಅದಕ್ಕೇ.

ಇನ್ನೊಂದು ಮಾತು. ಆವತ್ತು ಎದ್ದು ನಿಂತವರೆಲ್ಲ ಕೈಯಲ್ಲಿ ಕಾಸಿದ್ದೇ ಎದ್ದವರು ಎಂದುಕೊಳ್ಳಬೇಡಿ. ಪಕ್ಕದವರು ಎದ್ದರಲ್ಲ ಎಂದು ಎದ್ದವರೂ ಇರುತ್ತಾರೆ. ಅವರಲ್ಲೂ ಯಾರೋ ಒಬ್ಬರು ಈಗ ಅದೇ ಸಂಘದ ಕಂತಿನ ಚಿಂತೆಯಲ್ಲಿರಬಹುದು.

ಮದುವೆ ಮನೆಯಲ್ಲಿ ಮುಯ್ಯಿ ಬರೆಸುವುದು ನಿಮಗೆ ಗೊತ್ತು. ಅಲ್ಲಿ ಹೆಸರಿನ ಮುಂದೆ ಮೊತ್ತ ಬರೆಯುತ್ತಾರೆ, ನಾಳೆ ಅವರ ಮನೆಯ ಮದುವೆಗೆ ಅದನ್ನು ತೀರಿಸಬೇಕು. ಆ ಸಭೆ ನಿಮ್ಮ ಮನಸ್ಸಿನಲ್ಲಿ ಶಾಲೆಯನ್ನೂ ಮುಯ್ಯಿ ಪುಸ್ತಕವನ್ನಾಗಿ ಮಾಡಿಬಿಟ್ಟಿದೆ: ಮಗಳು ಅಲ್ಲಿ ಓದುತ್ತಿದ್ದಾಳೆ, ಊಟ ಮಾಡುತ್ತಿದ್ದಾಳೆ, ನಾನು ಮಾತ್ರ ಏನೂ ಬರೆಸಿಲ್ಲ ಎನ್ನುವಂತೆ. ದಯವಿಟ್ಟು ಆ ಲೆಕ್ಕವನ್ನು ಅಳಿಸಿಹಾಕಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಕೊಡುವುದು ಅದರ ಪ್ರಕಾರ ಸರ್ಕಾರದ ಕರ್ತವ್ಯ. ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಬಿಸಿಯೂಟ ಯಾವುದೂ ನಿಮ್ಮ ಮಗಳಿಗೆ ಯಾರೋ ಮಾಡಿದ ಉಪಕಾರವಲ್ಲ. ಅಂಗಡಿಯಲ್ಲಿ ಸೋಪು ಕೊಂಡಾಗಲೂ ನೀವು ತೆರಿಗೆ ಕಟ್ಟುತ್ತೀರಿ. ಆ ಶಾಲೆಗೆ ನಿಮ್ಮ ಪಾಲು ಆಗಲೇ ಸಂದಿದೆ.

ಹಾಗಾದರೆ ಮೇಷ್ಟ್ರು ಪಟ್ಟಿ ಓದಿದ್ದೇಕೆ? ಇದನ್ನು ತಿಳಿದುಕೊಂಡರೆ ನಿಮ್ಮ ಮನಸ್ಸು ಸ್ವಲ್ಪ ಹಗುರಾಗಬಹುದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಮಕ್ಕಳ ಸಂಖ್ಯೆ ನೋಡಿ ವಾರ್ಷಿಕ ಶಾಲಾ ಅನುದಾನ ಗೊತ್ತುಮಾಡಲಾಗಿದೆ. 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100 ಮಕ್ಕಳಿದ್ದರೆ 25,000, 101ರಿಂದ 250 ಇದ್ದರೆ 50,000. ನೀವು ಹೇಳಿದಂತೆ ಎಂಬತ್ತು ಮಕ್ಕಳಿದ್ದರೆ ನಿಮ್ಮ ಶಾಲೆಯ ಪಾಲು 25,000. ಶಾಲೆ ನಡೆಯುವ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 2,500 ರೂಪಾಯಿ. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆಂದೇ ಮೀಸಲು. ಉಳಿದದ್ದರಲ್ಲಿ ಸೀಮೆಸುಣ್ಣ, ಮಾರ್ಕರ್, ಹಾಳೆ, ಕಲಿಕೋಪಕರಣ, ಒಡೆದ ನಲ್ಲಿ, ಮುರಿದ ಕಿಟಕಿ ಚಿಲಕ ಎಲ್ಲ ಆಗಬೇಕು. ಕಂತಿನಲ್ಲಿ ಬರುವ ಹಣ ತಡವಾದರೆ ಅಲ್ಲಿಯವರೆಗಿನ ಖರ್ಚನ್ನು ಎಷ್ಟೋ ಮುಖ್ಯ ಶಿಕ್ಷಕರು ತಮ್ಮ ಸಂಬಳದಿಂದಲೇ ಹಾಕುತ್ತಾರೆ. ನಿಮ್ಮ ಮೇಷ್ಟ್ರು ಕೂಡ ಫಿನಾಯಿಲ್ ಬಾಟಲಿಗೆ ಕೈಯಿಂದ ಕೊಟ್ಟವರೇ ಇರಬಹುದು. ಊರವರ ಕೈಯಿಂದ ಶಾಲೆ ಬೆಳೆಯುವುದು ನಮ್ಮಲ್ಲಿ ಹೊಸದೂ ಅಲ್ಲ. ಜಾಗ ಕೊಟ್ಟವರ, ಕೊಠಡಿ ಕಟ್ಟಿಸಿದವರ ಹೆಸರಿನ ಕಲ್ಲು ಎಷ್ಟೋ ಹಳ್ಳಿ ಶಾಲೆಗಳ ಗೋಡೆಯಲ್ಲಿದೆ. ಆದ್ದರಿಂದ ಅವರು ಕೇಳಿದ್ದರಲ್ಲಿ ದುರಾಸೆಯಿಲ್ಲ. ಕೇಳಿದ ರೀತಿ ಮಾತ್ರ ನಿಮ್ಮಂಥವರಿಗೆ ಭಾರವಾಯಿತು, ಅದು ಅವರ ಗಮನಕ್ಕೆ ಬಂದಂತಿಲ್ಲ.

ಕೊರತೆ ನಿಜ. ಆದರೆ ಅದನ್ನು ತುಂಬುವ ಹೊಣೆ ಸಂಘದ ಸಾಲದ ಮೇಲೆ ಬದುಕು ನಡೆಸುವ ತಾಯಿಯದಲ್ಲ. 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆಯ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಅವಕಾಶ ಕೊಡುವ ಸುತ್ತೋಲೆಯೊಂದು ನಮ್ಮ ರಾಜ್ಯದಲ್ಲೇ ಹೊರಬಿದ್ದಿತ್ತು. ಸ್ವಇಚ್ಛೆಯಿಂದ ಕೊಟ್ಟರೆ ಸಾಕು ಎಂದೇ ಅದರಲ್ಲಿತ್ತು. ಆದರೂ ವಿರೋಧ ಎಷ್ಟು ಬಂತೆಂದರೆ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆದರು. ಬಡ ಪೋಷಕರ ಪಾಲಿಗೆ ಸ್ವಇಚ್ಛೆಯೂ ಬಲವಂತವಾಗಿಬಿಡುತ್ತದೆ ಎಂಬ ಆತಂಕ ಆಗ ಎಷ್ಟೋ ಜನರದಾಗಿತ್ತು. ನಿಮ್ಮ ಪತ್ರ ಓದಿದಾಗ ಆ ಆತಂಕ ಸುಳ್ಳಲ್ಲ ಎನ್ನಿಸಿತು.

ಈಗ ಸಾಲದ ವಿಷಯ. ಇದರಲ್ಲಿ ಮಾತ್ರ ನಾನು ಖಂಡಿತವಾಗಿ ಹೇಳುತ್ತೇನೆ: ಎತ್ತಬೇಡಿ. ಸಂಘದ ಕಂತು ಒಂದು ವಾರ ತಪ್ಪಿದರೂ ಉಳಿದ ಹೆಂಗಸರ ಮುಂದೆ ಮತ್ತೊಮ್ಮೆ ತಲೆ ತಗ್ಗಿಸಬೇಕಾಗುತ್ತದೆ. ಒಂದು ಅವಮಾನದಿಂದ ಪಾರಾಗಲು ಇನ್ನೊಂದನ್ನು ಮನೆಗೆ ಕರೆದಂತಾಗುತ್ತದೆ. ಜೊತೆಗೆ ಯಜಮಾನರಿಂದ ಮುಚ್ಚಿಡುವ ಭಾರ. ಫ್ಯಾನಿನ ಮಾತು ಬಿಟ್ಟು ನಿಮ್ಮ ನಿದ್ದೆಯ ಮಾತನ್ನು ಅವರಿಗೆ ಹೇಳಿ. ‘ಸಭೆಯಲ್ಲಿ ನನಗೆ ಹೀಗಾಯಿತು, ಅದಕ್ಕೇ ಮನಸ್ಸು ಸರಿಯಿಲ್ಲ’ ಎಂದರೆ ಸಾಕು. ಅವರಿಗೂ ಒಳಗೊಳಗೆ ಅದೇ ಬೇಸರ ಇರಬಹುದು. ಮನೆಯ ಕಷ್ಟವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಇಬ್ಬರೂ ಬೇರೆ ಬೇರೆಯಾಗಿ ನಾಚಿಕೆಪಡುವ ದಂಪತಿಗಳು ಬಹಳ ಜನ.

ಮಗಳ ಪ್ರಶ್ನೆಗೆ ಬರೋಣ. ಒಂಬತ್ತು ವರ್ಷದ ಮಗುವಿಗೆ ಫ್ಯಾನಿನ ಬೆಲೆ ತಿಳಿಯದು. ಗೆಳತಿ ಅಮ್ಮನ ಕೈಹಿಡಿದು ವೇದಿಕೆ ಹತ್ತಿದ್ದನ್ನು ಅವಳು ನೋಡಿದ್ದಾಳೆ. ನಮ್ಮಮ್ಮನನ್ನು ಯಾಕೆ ಕರೆಯಲಿಲ್ಲ, ನಾವು ಅವರಿಗಿಂತ ಕಮ್ಮಿಯಾ ಎನ್ನುವುದು ಆ ಪ್ರಶ್ನೆಯ ಒಳಗಿದೆ. ‘ಮುಂದಿನ ತಿಂಗಳು ಕೊಡೋಣ’ ಎಂದು ಸಮಾಧಾನ ಮಾಡಬೇಡಿ, ಅವಳು ದಿನ ಎಣಿಸುತ್ತಾ ಕೂರುತ್ತಾಳೆ. ಭಾನುವಾರ ತಲೆ ಬಾಚುವಾಗಲೋ ಊಟಕ್ಕೆ ಕೂತಾಗಲೋ ನಿಧಾನವಾಗಿ ಹೇಳಿ: ‘ಫ್ಯಾನ್ ಕೊಡಿಸುವಷ್ಟು ದುಡ್ಡು ಈಗ ನಮ್ಮಲ್ಲಿಲ್ಲ ಕಂದಾ. ಕೊಟ್ಟವರು ಒಳ್ಳೆ ಕೆಲಸ ಮಾಡಿದ್ದಾರೆ. ಕೊಡದಿದ್ದರೂ ಅದು ನಿನ್ನ ಶಾಲೆನೇ.’ ಹೇಳುವಾಗ ನಿಮ್ಮ ದನಿಯಲ್ಲಿ ನಾಚಿಕೆ ಇಲ್ಲದಿದ್ದರೆ ಅವಳಲ್ಲೂ ಅದು ಉಳಿಯುವುದಿಲ್ಲ. ಮೊದಲ ಸಲ ಗಂಟಲು ಕಟ್ಟಬಹುದು, ಪರವಾಗಿಲ್ಲ.

ಹೊಟ್ಟೆನೋವನ್ನು ನೆಪ ಎಂದು ಗದರಬೇಡಿ. ಮನಸ್ಸಿನ ಕಳವಳ ಮಕ್ಕಳಲ್ಲಿ ನಿಜವಾದ ಹೊಟ್ಟೆನೋವಾಗಿಯೇ ಬರುತ್ತದೆ. ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಬೇರೆ ತೊಂದರೆ ಇಲ್ಲವೆಂದಾದರೆ ಶಾಲೆ ತಪ್ಪಿಸಲು ಬಿಡಬೇಡಿ. ಮನೆಯಲ್ಲಿ ಉಳಿದಷ್ಟೂ ಅಳುಕು ಬಲಿಯುತ್ತದೆ.

ಆಮೇಲೆ ಹೆಡ್ ಮೇಷ್ಟ್ರನ್ನು ಕಾಣಿ. ಸಭೆಯಲ್ಲಿ ಬೇಡ, ಗ್ರೂಪಿನಲ್ಲಂತೂ ಬೇಡವೇ ಬೇಡ. ರಜೆ ಸಿಗದಿದ್ದರೆ ಫೋನಿನಲ್ಲಾದರೂ ಆದೀತು. ‘ಸಾರ್, ನಮ್ಮಿಂದ ಈಗ ಏನೂ ಕೊಡಲು ಆಗುತ್ತಿಲ್ಲ. ವೇದಿಕೆಗೆ ಕೊಟ್ಟವರ ಮಕ್ಕಳನ್ನು ಕರೆದಾಗ ನನ್ನ ಮಗಳಿಗೆ ಬೇಜಾರಾಗಿದೆ. ಮುಂದಿನ ಸಲ ಮಕ್ಕಳ ಮುಂದೆ ಹೆಸರು ಓದದಿದ್ದರೆ ಒಳ್ಳೆಯದಿತ್ತು’ ಎನ್ನಿ. ಒಳ್ಳೆಯವರೆಂದು ನೀವೇ ಬರೆದಿದ್ದೀರಿ, ನಾನೂ ಹಾಗೆಯೇ ನಂಬುತ್ತೇನೆ. ಇಷ್ಟು ಕೇಳಿದರೆ ಅವರಿಗೆ ಅರ್ಥವಾಗುತ್ತದೆ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಾವೆಲ್ಲ ಎಸ್‌ಡಿಎಂಸಿ ಎನ್ನುವುದು, ನಿಮ್ಮಂಥವರಿಗಾಗಿಯೇ ಇದೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಅದರ ಕೆಲಸ. ನಿಮಗೆ ಸಭೆಗೆ ಹೋಗಲಾಗದಿದ್ದರೆ ಪರಿಚಯದ ಸದಸ್ಯೆಯೊಬ್ಬರ ಮೂಲಕ ಒಂದು ಕೋರಿಕೆ ಮುಟ್ಟಿಸಿ: ಆ ಪಟ್ಟಿಯನ್ನು ಎರಡು ಮಾಡಿ ಎಂದು. ಪೊರಕೆ, ಫಿನಾಯಿಲ್, ಮಾರ್ಕರ್, ಪೇಪರ್ ಅನುದಾನದಿಂದ ಬರಬೇಕಾದವು. ಹಣ ಬಂದಿಲ್ಲವೆಂದರೆ ಸಮಿತಿಯೇ ಠರಾವು ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯಬೇಕು. ಫಿಲ್ಟರ್, ಫ್ಯಾನುಗಳಂಥ ದೊಡ್ಡ ಸಾಮಾನನ್ನು ಗ್ರಾಮ ಪಂಚಾಯಿತಿಯನ್ನೋ ಹಳೆಯ ವಿದ್ಯಾರ್ಥಿಗಳನ್ನೋ ಕೇಳಬಹುದು. ಶಾಲೆಗಳಿಗೆ ಸಾಮಾನು ಕೊಡಬಯಸುವವರಿಗಾಗಿ ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಎಂಬ ಜಾಲತಾಣವೂ ಇದೆ. ಶಾಲೆ ತನ್ನ ಅಗತ್ಯವನ್ನು ಅಲ್ಲಿ ನಮೂದಿಸಬಹುದು.

ಇದನ್ನು ಓದುತ್ತಿರುವ, ಕೈಲಾದದ್ದನ್ನು ಕೊಡುವ ಪೋಷಕರು ದಯವಿಟ್ಟು ಬೇಸರಪಟ್ಟುಕೊಳ್ಳಬೇಡಿ. ನೀವು ಕೊಟ್ಟ ಹಾಳೆಯ ಮೇಲೆ ಎಲ್ಲ ಮಕ್ಕಳೂ ಬರೆಯುತ್ತಾರೆ, ಅದು ದೊಡ್ಡ ಮಾತು. ಕೊಡುವ ಮೊದಲು ಏನು ಬೇಕೆಂದು ಕೇಳಿ. ಕೊಟ್ಟದ್ದು ಶಾಲೆಯ ದಾಸ್ತಾನು ಪುಸ್ತಕಕ್ಕೆ ಸೇರಲಿ. ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಸಬೇಡಿ. ಶಾಲು ಹೊದಿಸಲು ಬಂದರೆ ನೀವೇ ನಯವಾಗಿ ಬೇಡವೆನ್ನಿ. ನಿಮ್ಮ ಆ ಒಂದು ಮಾತಿನಿಂದ ಹಿಂದಿನ ಸಾಲಿನಲ್ಲಿ ಕೂತ ಯಾರಿಗೋ ಉಸಿರಾಡಲು ಸಾಧ್ಯವಾಗುತ್ತದೆ.

ನಿಮಗೂ ಏನಾದರೂ ಮಾಡಬೇಕೆಂಬ ಆಸೆ ಇದ್ದರೆ, ನಿಮ್ಮ ಕೈಯಲ್ಲಿ ಕಸುಬಿದೆ. ಹರಿದ ಸಮವಸ್ತ್ರಕ್ಕೆ ಒಂದು ಹೊಲಿಗೆ, ಒಂದನೇ ಎರಡನೇ ಕ್ಲಾಸಿನ ನಲಿ-ಕಲಿ ಕಾರ್ಡುಗಳನ್ನು ಜೋಡಿಸಿಡಲು ಬಟ್ಟೆಯ ಜೇಬುಗಳ ಒಂದು ತೂಗುಚೀಲ. ಇದು ಕೂಡ ಈಗಲೇ ಬೇಡ, ಮನಸ್ಸು ತಿಳಿಯಾದ ಮೇಲೆ, ಅದೂ ಬಿಡುವಿದ್ದರೆ ಮಾತ್ರ. ವಾರವಿಡೀ ಮೆಷಿನ್ ತುಳಿದವರಿಗೆ ಭಾನುವಾರದ ವಿಶ್ರಾಂತಿಯೂ ಬೇಕು. ದುಡಿಮೆಯನ್ನು ಶುಲ್ಕದಂತೆ ಕಟ್ಟಬೇಡಿ.

ಕೊನೆಗೆ ಒಂದು ಎಚ್ಚರಿಕೆ. ಕೊಡಲಿಲ್ಲವೆಂದು ಮಗುವನ್ನು ಯಾರಾದರೂ ಹಂಗಿಸಿದರೆ, ಹಿಂದೆ ಕೂರಿಸಿದರೆ, ಯಾವುದಾದರೂ ಸೌಲಭ್ಯ ತಪ್ಪಿಸಿದರೆ ಸುಮ್ಮನಿರಬೇಡಿ. ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ತಿಳಿಸಿ. ಅಲ್ಲಿ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ, ಮಕ್ಕಳ ಸಹಾಯವಾಣಿ 1098 ಇದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಇನ್ನು ನಿದ್ದೆ: ಯಜಮಾನರ ಹತ್ತಿರ, ಮೇಷ್ಟ್ರ ಹತ್ತಿರ ಮಾತಾಡಿದ ಮೇಲೂ ಒಂದೆರಡು ವಾರ ಹೀಗೆಯೇ ಮುಂದುವರಿದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ. ಕೆಲಸ ಮುಗಿಸಿ, ಮಗಳನ್ನು ಮಲಗಿಸಿದ ಮೇಲೂ ಮಾಡಬಹುದು.